ಏಪ್ರಿಲ್ 7 ಯಾರದ್ದು?

ಏಪ್ರಿಲ್ 14 ಯಾರದ್ದು ಅಂತ ನಮ್ಮ ಹಾಸ್ಟೆಲ್ಲಿನ ಯಾವ ಹುಡುಗನನ್ನು ನಡುರಾತ್ರಿ ಎಬ್ಬಿಸಿ ಕೇಳಿದರೂ ಹೇಳುತ್ತಾನೆ. ಮೊನ್ನೆ ಊಟದ ಸಾಲಿನಲ್ಲಿ ನಿಂತು ಕೇಳಿದೆ: ಏಪ್ರಿಲ್ 7 ಯಾರದ್ದು? ಒಬ್ಬ 'ವಿಶ್ವ ಆರೋಗ್ಯ ದಿನ' ಅಂದ. ಪರೀಕ್ಷೆಗೆ ಓದ್ತಿರೋ ಹುಡುಗ, ತಪ್ಪೇನಿಲ್ಲ. ಇನ್ನೊಬ್ಬ ಸುಮ್ಮನಿದ್ದ. ರುವಾಂಡ ಅಂದೆ. ನೂರು ದಿನದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಜನರನ್ನು ಕೊಂದದ್ದು ಶುರುವಾದ ದಿನ ಅಂದೆ. ಹಿಂದೆ ನಿಂತಿದ್ದವನು ತಟ್ಟೆ ಬಡಿದು ಹೇಳಿದ: "ನಮ್ಮ ಹೆಣ ಎಣಿಸೋಕೇ ಯಾರೂ ಇಲ್ಲ. ಆಫ್ರಿಕದ ಹೆಣ ನಮಗ್ಯಾಕಣ್ಣ?"

ಈ ಮಾತನ್ನು ನಾನು ಸುಲಭಕ್ಕೆ ತಳ್ಳಿಹಾಕೋದಿಲ್ಲ. ಅದು ಹೊಟ್ಟೆ ಉರಿದವನ ಮಾತು. ಆದರೆ ಹೊಟ್ಟೆ ಉರಿದವನ ಮಾತೆಲ್ಲ ಸರಿಯಾದ ಮಾತಲ್ಲ. ಯಾಕೆ ಅಲ್ಲ ಅಂತ ಹೇಳೋಕೇ ಈ ಬರಹ.

ಮೊದಲು ನಡೆದದ್ದೇನು ಅಂತ ತಿಳಿಯೋಣ. ರುವಾಂಡ ಪುಟ್ಟ ದೇಶ. ನಮ್ಮ ಕರ್ನಾಟಕದ ಏಳರಲ್ಲಿ ಒಂದು ಪಾಲಿನಷ್ಟೂ ನೆಲ ಇಲ್ಲ. ಒಂದೇ ಭಾಷೆ. ಒಂದೇ ಬೆಟ್ಟದ ಇಳಿಜಾರಿನಲ್ಲಿ ಅಕ್ಕಪಕ್ಕದ ಮನೆ, ಅಕ್ಕಪಕ್ಕದ ಬಾಳೆತೋಟ. ಹುಟು, ಟುಟ್ಸಿ, ಟ್ವಾ ಅಂತ ಮೂರು ಹೆಸರು. ಹುಟುಗಳೇ ಬಹುಸಂಖ್ಯಾತರು. ಮೊದಲು ಜರ್ಮನರು, ಆಮೇಲೆ ಬೆಲ್ಜಿಯನ್ನರು ಬಂದು ಕೂತರು. ಬಂದವರು ಏನು ಮಾಡಿದರು ಗೊತ್ತಾ? ಮೂಗು ಅಳೆದರು. ಎತ್ತರ ಅಳೆದರು. ಟುಟ್ಸಿಗಳು ಉತ್ತರದಿಂದ ಬಂದ ಶ್ರೇಷ್ಠ ಕುಲ, ಹುಟುಗಳು ದುಡಿಯೋಕೆ ಹುಟ್ಟಿದವರು ಅಂತ ಕತೆ ಕಟ್ಟಿದರು. 1930ರ ದಶಕದ ಮೊದಲಲ್ಲಿ ಪ್ರತಿಯೊಬ್ಬನ ಕೈಗೂ ಒಂದು ಗುರುತಿನ ಚೀಟಿ ಕೊಟ್ಟು ಅದರಲ್ಲಿ ಕುಲ ಬರೆದರು. ಅಲ್ಲಿಯವರೆಗೆ ಅಷ್ಟಿಷ್ಟು ಆಚೀಚೆ ಹೋಗಬಹುದಾಗಿದ್ದ ಗೆರೆ ಅವತ್ತಿನಿಂದ ಕಬ್ಬಿಣದ ಬೇಲಿ ಆಯಿತು. ಅಪ್ಪನ ಚೀಟಿ ಮಗನಿಗೆ. ಅರವತ್ತು ವರ್ಷದ ಮೇಲೆ ರಸ್ತೆಗೆ ಅಡ್ಡ ಕಟ್ಟೆ ಹಾಕಿ ನಿಂತವರು ಕೇಳಿದ್ದು ಅದೇ ಚೀಟಿ. ಟುಟ್ಸಿ ಅಂತ ಇದ್ದರೆ ಅಲ್ಲೇ ಮಚ್ಚು.

ಮೂಗು ಅಳೆಯೋ ಕತೆ ನಮಗೆ ಹೊಸದಾ? 1901ರ ಜನಗಣತಿಯ ಹೊತ್ತಿಗೆ ರಿಸ್ಲೆ ಅನ್ನೋ ಬಿಳಿ ಅಧಿಕಾರಿ ಇಲ್ಲಿಯೂ ಮೂಗು ಅಳೆದು, ಮೂಗಿನ ಅಗಲದಿಂದ ಜಾತಿಯ ಎತ್ತರ ಹೇಳಿದ. ಬಾಬಾಸಾಹೇಬರು 1948ರಲ್ಲಿ ಅಸ್ಪೃಶ್ಯರ ಮೂಲ ಕುರಿತು ಬರೆದ ಪುಸ್ತಕದಲ್ಲಿ ಅದೇ ಮೂಗಿನ ಅಳತೆಗಳನ್ನು ಎತ್ತಿಕೊಂಡು, ಬ್ರಾಹ್ಮಣನೂ ಅಸ್ಪೃಶ್ಯನೂ ಬೇರೆ ಬೇರೆ ಜನಾಂಗ ಅನ್ನೋ ಸಿದ್ಧಾಂತವನ್ನೇ ಮಗುಚಿ ಹಾಕಿದರು. ರಕ್ತದಲ್ಲಿ ಮೇಲು ಕೀಳು ಇಲ್ಲ, ಇರೋದು ಮನುಷ್ಯ ಕಟ್ಟಿದ ಕಟ್ಟಳೆಯಲ್ಲಿ ಅಂತ ತೋರಿಸಿದರು. ರುವಾಂಡದ ಬೇಲಿಯನ್ನು ಯಾರೂ ಹಾಗೆ ಹೊತ್ತಿಗೆ ಸರಿಯಾಗಿ ಕಿತ್ತುಹಾಕಲಿಲ್ಲ. ಕಿತ್ತುಹಾಕದ ಬೇಲಿ ಏನು ಮಾಡುತ್ತೆ ಅಂತ 1994 ತೋರಿಸಿತು.

ಇಲ್ಲಿ ನಮ್ಮ ಕೆಲವು ಕ್ರಾಂತಿಕಾರಿ ಗೆಳೆಯರು ಬಾಯಿ ಹಾಕುತ್ತಾರೆ. ಟುಟ್ಸಿಗಳು ಮೇಲುಜಾತಿಯ ಹಾಗಿದ್ದವರಲ್ಲವಾ, ರಾಜವಂಶ ಅವರದೇ ಅಲ್ಲವಾ, ಬಿಳಿಯರ ಕೈಕೆಳಗೆ ಹುದ್ದೆ ಹಿಡಿದವರು ಅವರೇ ಅಲ್ಲವಾ, ಇದು ತುಳಿಸಿಕೊಂಡವರ ಸಿಟ್ಟಲ್ಲವಾ ಅಂತ. ಈ ಮಾತು ಕೇಳಿದಾಗ ನನಗೆ ಮೈ ಉರಿಯುತ್ತೆ. ಹೌದು, ಟುಟ್ಸಿಗಳು ದಲಿತರಲ್ಲ. ಬೆಲ್ಜಿಯನ್ನರು ಅವರಲ್ಲಿ ಕೆಲವರನ್ನು ಮೇಲೆ ಕೂರಿಸಿದ್ದೂ ನಿಜ. ಹುಟು ರೈತರ ಬೆನ್ನು ಮುರಿದದ್ದೂ ನಿಜ. ಆದರೆ 1959ರಲ್ಲಿ ರಾಜ್ಯ ತಿರುಗಿಬಿತ್ತು. ಬೆಲ್ಜಿಯನ್ನರು ಕೈ ಬದಲಿಸಿದರು. ಆವತ್ತಿನಿಂದ ಶುರುವಾದ ಹಿಂಸೆಯಲ್ಲಿ ಟುಟ್ಸಿಗಳು ಲಕ್ಷಗಟ್ಟಲೆ ಉಗಾಂಡ, ಬುರುಂಡಿ, ಕಾಂಗೋ ಅಂತ ದಿಕ್ಕಾಪಾಲಾಗಿ ಓಡಿದರು. ಉಳಿದವರಿಗೆ ಶಾಲೆಯಲ್ಲಿ ಕೋಟಾ, ನೌಕರಿಯಲ್ಲಿ ಕೋಟಾ. ನಮ್ಮ ಮೀಸಲಾತಿ ಒಳಗೆ ಕರೆಯೋಕೆ ಇರೋದು, ಅವರ ಕೋಟಾ ಹೊರಗೆ ತಳ್ಳೋಕೆ ಇದ್ದದ್ದು. 1994ರಲ್ಲಿ ಅಧಿಕಾರ, ಸೈನ್ಯ, ರೇಡಿಯೋ, ಪಂಚಾಯ್ತಿ ಆಫೀಸು ಎಲ್ಲವೂ ಕೊಲ್ಲುವವರ ಕೈಲಿತ್ತು. 'ನಾವು ತುಳಿತಕ್ಕೊಳಗಾದ ಬಹುಸಂಖ್ಯಾತರು' ಅಂತ ಕೂಗ್ತಾ ಇದ್ದವರು ಸರ್ಕಾರದ ಜೀಪಿನಲ್ಲಿ ಓಡಾಡ್ತಿದ್ದರು. ಶೋಷಿತನ ಹೆಸರು ಹೇಳಿಕೊಂಡು ಪಕ್ಕದ ಮನೆಯ ಕೂಸನ್ನು ಕೊಲ್ಲೋದಕ್ಕೆ ವಿಮೋಚನೆ ಅನ್ನೋ ಹೆಸರಿಲ್ಲ. ನಮ್ಮ ಚಳವಳಿ ಇದನ್ನು ಕಲಿಯದೆ ಹೋದರೆ ನಾಳೆ ನಮ್ಮ ಹೆಸರನ್ನೂ ಯಾರೋ ಹಾಗೆ ಬಳಸಿಕೊಳ್ಳುತ್ತಾರೆ.

ನಮ್ಮ ಹಾಗೇ ಇದ್ದವರು ಸತ್ತರೆ ಮಾತ್ರ ಅಳುತ್ತೇವೆ ಅನ್ನೋದು ಜಾತಿಯವನ ಲೆಕ್ಕ. ಸತ್ತವನ ಕುಲ ಕೇಳಿ ಕಣ್ಣೀರು ಹಾಕೋದನ್ನು ಈ ದೇಶ ಸಾವಿರಾರು ವರ್ಷದಿಂದ ಮಾಡಿದೆ. ನಾವೂ ಅದನ್ನೇ ಮಾಡೋಣವಾ?

ಕೊಲೆಗೆ ಮೊದಲು ಮಾತು ಬಂತು. 1992ರ ನವೆಂಬರ್ 22ರಂದು ಮುಗೆಸೆರ ಅನ್ನೋ ಓದಿದ ಮನುಷ್ಯ ಒಂದು ಸಭೆಯಲ್ಲಿ ನಿಂತು, ಟುಟ್ಸಿಗಳನ್ನು ನದಿಯ ದಾರಿಯಲ್ಲಿ ಇಥಿಯೋಪಿಯಕ್ಕೆ ಕಳಿಸಬೇಕು ಅಂತ ಹೇಳಿದ. ಅದು ಭಾಷಣದ ಅಲಂಕಾರ ಅಲ್ಲ. 1994ರಲ್ಲಿ ನದಿಗಳು ಹೆಣ ಹೊತ್ತು ವಿಕ್ಟೋರಿಯ ಸರೋವರ ಸೇರಿದವು. 1993ರಲ್ಲಿ ಶುರುವಾದ ಆರ್‌ಟಿಎಲ್‌ಎಂ ರೇಡಿಯೋ ಹಾಡು, ತಮಾಷೆ, ಹರಟೆಯ ನಡುವೆ ಟುಟ್ಸಿಗಳನ್ನು 'ಇನ್ಯೆಂಜಿ' ಅಂತ ಕರೀತು. ಅಂದರೆ ಜಿರಲೆ. ಜಿರಲೆ ಕೊಂದರೆ ಕೇಸಿಲ್ಲ. ಆಮೇಲಾಮೇಲೆ ಇಂಥವನು ಇಂಥ ಕಡೆ ಅಡಗಿದ್ದಾನೆ ಅಂತ ಹೆಸರು, ಜಾಗ ಸಮೇತ ಹೇಳೋಕೆ ಶುರು ಮಾಡಿತು. ಮನುಷ್ಯನಿಗೆ ಬೇರೆ ಪ್ರಾಣಿಯ ಹೆಸರಿಡೋದು ಏನಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

1994ರ ಏಪ್ರಿಲ್ 6ರ ರಾತ್ರಿ ಅಧ್ಯಕ್ಷ ಹಬ್ಯಾರಿಮಾನನ ವಿಮಾನ ಉರುಳಿಸಿದರು. ಮಾರನೆ ದಿನದಿಂದ ಜುಲೈ ಮಧ್ಯದವರೆಗೆ ನೂರು ದಿನ. ಜೊತೆಗೆ ಕೊಲೆಗೆ ಒಪ್ಪದ ಹುಟುಗಳನ್ನೂ ಕೊಂದರು. ರುವಾಂಡ ಸರ್ಕಾರದ ಲೆಕ್ಕ ಹತ್ತು ಲಕ್ಷ ದಾಟುತ್ತೆ. ಆ ವರ್ಷ ಈಸ್ಟರ್ ಹಬ್ಬ ಏಪ್ರಿಲ್ 3ಕ್ಕೆ ಬಂದಿತ್ತು. ಹಬ್ಬ ಮುಗಿದು ವಾರ ಕಳೆಯೋದರೊಳಗೆ ಅದೇ ಚರ್ಚುಗಳಿಗೆ ಜನ ಪ್ರಾಣ ಉಳಿಸಿಕೊಳ್ಳೋಕೆ ಓಡಿದರು. ನ್ಯಾಮಾಟ, ನ್ಟರಾಮ, ನ್ಯಾರುಬುಯೆ, ಈ ಊರುಗಳ ಚರ್ಚುಗಳಲ್ಲಿ ಸಾವಿರಾರು ಜನರನ್ನು ಒಳಗೇ ಮುಗಿಸಿದರು.

ಆಗ ದೊಡ್ಡ ದೇಶಗಳು ಏನು ಮಾಡ್ತಿದ್ದವು? ಕಿಗಾಲಿಯ ಒಂದು ತಾಂತ್ರಿಕ ಶಾಲೆಯಲ್ಲಿ ಬೆಲ್ಜಿಯಂ ಸೈನಿಕರ ಕಾವಲಿನಲ್ಲಿ ಸುಮಾರು 2,000 ಜನ ಸೇರಿದ್ದರು. ಏಪ್ರಿಲ್ 11ರಂದು ಸೈನಿಕರು ಲಾರಿ ಹತ್ತಿ ಹೊರಟರು. ಗೇಟಿನ ಹೊರಗೆ ಕೊಲೆಗಡುಕರು ಕಾಯ್ತಿದ್ದರು. ಅಲ್ಲಿದ್ದವರನ್ನು ನ್ಯಾಂಜ ಗುಡ್ಡಕ್ಕೆ ನಡೆಸಿಕೊಂಡು ಹೋಗಿ ಕೊಂದರು. ಏಪ್ರಿಲ್ 21ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಅಲ್ಲಿದ್ದ ತನ್ನ ಶಾಂತಿಪಡೆಯನ್ನು 270 ಜನಕ್ಕೆ ಇಳಿಸೋಕೆ ನಿರ್ಣಯ ಮಾಡಿತು. ಬೆಂಕಿ ಬಿದ್ದಾಗ ನೀರಿನ ಕೊಡ ಹಿಂದಕ್ಕೆ ತಗೊಂಡು ಹೋದರು. ಅಮೆರಿಕದ ಅಧಿಕಾರಿಗಳು 'ನರಮೇಧ' ಅನ್ನೋ ಪದ ಬಾಯಿಗೆ ಬಾರದಂತೆ ವಾರಗಟ್ಟಲೆ ನಾಲಗೆ ತಿರುಚಿದರು. ಪದ ಒಪ್ಪಿಕೊಂಡರೆ ಕೈ ಹಾಕಬೇಕಾಗುತ್ತಲ್ಲ!

* * *

ಈಗ ನಾನು ಹೇಳಬೇಕಾದ ಮುಖ್ಯ ಮಾತಿಗೆ ಬರ್ತೀನಿ. ಸತ್ತವರ ಮಾತಲ್ಲ, ಉಳಿದವರದು. ಉಳಿದವರಲ್ಲೂ ದೇಶ ಬಿಟ್ಟು ಬೆಲ್ಜಿಯಂ, ಫ್ರಾನ್ಸ್, ಇಂಗ್ಲೆಂಡ್, ಕೆನಡಾ ಸೇರಿದವರದು.

ಅವರ ಪಾಡು ಊಹಿಸಿಕೊಳ್ಳಿ. ಆಶ್ರಯ ಕೇಳೋ ಆಫೀಸಿನಲ್ಲಿ ಮೇಜಿನ ಆಚೆ ಕೂತವನು ಕೇಳುತ್ತಾನೆ: ಅಪ್ಪ ಸತ್ತ ತಾರೀಖು? ಸಾಕ್ಷಿ? ಕಾಗದ? ಹೆಣವೇ ಸಿಗದವನಿಗೆ ಮರಣ ಪತ್ರ ಎಲ್ಲಿಂದ ಬರುತ್ತೆ? ಜಾತಿ ಸರ್ಟಿಫಿಕೇಟಿಗೆ ತಾಲ್ಲೂಕಾಫೀಸಿನ ಕಂಬಕ್ಕೆ ಒರಗಿ ನಿಂತವರಿಗೆ ಆ ದನಿ ಗೊತ್ತು. ತಮ್ಮನ್ನು ಕೊಲ್ಲಿಸಿದ ಕುಲದ ಗುರುತನ್ನೇ ಅವರು ಈಗ ತಾವು ಬದುಕೋದಕ್ಕೆ ಆಧಾರ ಅಂತ ಒಪ್ಪಿಸಬೇಕು. ಹೊರಗೆ ಬಂದರೆ ಏಪ್ರಿಲ್ ತಿಂಗಳು, ಯುರೋಪಿನಲ್ಲಿ ವಸಂತ. ಊರೆಲ್ಲ ಹೂವು, ಈಸ್ಟರ್ ಸಂಭ್ರಮ. ಇವರಿಗೆ ಆ ತಿಂಗಳು ಬಂದರೆ ಉಸಿರು ಕಟ್ಟುತ್ತೆ. ಅವರ ಭಾಷೆಯಲ್ಲಿ ಅದಕ್ಕೆ 'ಇಹಹಮುಕ' ಅಂತಾರೆ. ಭಯಕ್ಕೆ ಉಸಿರೇ ನಿಂತ ಹಾಗೆ ಆಗೋದು. ಅಲ್ಲಿನ ಡಾಕ್ಟರನಿಗೆ ಆ ಪದ ಗೊತ್ತಿಲ್ಲ. ಗೊತ್ತಿರೋದು ಇನ್ನೊಬ್ಬ ಬದುಕುಳಿದವನಿಗೆ ಮಾತ್ರ. ಅದಕ್ಕೇ ಅವರು ಒಟ್ಟಿಗೆ ಸೇರುತ್ತಾರೆ.

ಅದಕ್ಕಿಂತ ಘೋರ ಇನ್ನೊಂದಿದೆ. ಬದುಕುಳಿದವರು ಓಡಿಹೋದ ದೇಶಗಳಿಗೇ ಕೊಂದವರೂ ಓಡಿಹೋದರು. ಅವರಿಗೆ ಕಾಗದ ಪತ್ರ ಬೇಗ ಸಿಕ್ಕಿತು, ಓದಿದವರು ನೋಡಿ! ಆ ಮುಗೆಸೆರ ಕೆನಡಾ ಸೇರಿ ಕ್ವಿಬೆಕ್ಕಿನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿಕೊಂಡಿದ್ದ. ಅವನನ್ನು ಹಿಂದಕ್ಕೆ ಕಳಿಸೋಕೆ 2012 ಆಗಬೇಕಾಯ್ತು. 2016ರಲ್ಲಿ ಅವನಿಗೆ ಜೀವಾವಧಿ ಆಯಿತು. ಮುನ್ಯೆಮಾನ ಅನ್ನೋ ವೈದ್ಯ ಫ್ರಾನ್ಸಿನ ಒಂದು ಪಟ್ಟಣದ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ರೋಗಿಗಳ ನಾಡಿ ಹಿಡಿದ. ಅವನ ಮೇಲೆ ಮೊದಲ ದೂರು ಬಿದ್ದದ್ದು 1995ರಲ್ಲಿ. ಪ್ಯಾರಿಸ್ ಕೋರ್ಟು 24 ವರ್ಷದ ಶಿಕ್ಷೆ ಕೊಟ್ಟದ್ದು 2023ರ ಡಿಸೆಂಬರಿನಲ್ಲಿ. ಲೆಕ್ಕ ಹಾಕಿ, 28 ವರ್ಷ. ದೂರು ಕೊಟ್ಟ ದಿನ ಹುಟ್ಟಿದ ಮಗು ಎಂ.ಎ. ಮುಗಿಸಿ ಕೆಲಸಕ್ಕೆ ಸೇರೋವಷ್ಟು ಕಾಲ. ಕೊಲೆಗಡುಕರಿಗೆ ಹಣ ಸುರಿದ ಆರೋಪದ ಕಬುಗ 2020ರ ಮೇ 16ರಂದು ಪ್ಯಾರಿಸ್ಸಿನ ಪಕ್ಕದಲ್ಲೇ ಸಿಕ್ಕಿಬಿದ್ದ. ಅಷ್ಟು ಹೊತ್ತಿಗೆ ಮುದುಕನಾಗಿದ್ದ. 2023ರಲ್ಲಿ ಅವನಿಗೆ ಮರೆವು, ವಿಚಾರಣೆಗೆ ಲಾಯಕ್ಕಿಲ್ಲ ಅಂತ ಕೋರ್ಟು ಹೇಳಿತು. ಆರೋಪಿಗೆ ಮರೆವು ಬಂದರೆ ವಿಚಾರಣೆ ನಿಲ್ಲುತ್ತೆ. ಬದುಕುಳಿದವಳಿಗೆ ಮರೆವು ಬಾರದಿದ್ದರೆ ಅವಳ ಶಿಕ್ಷೆ ನಿಲ್ಲಿಸೋ ಕೋರ್ಟು ಯಾವುದು?

ಇಂಗ್ಲೆಂಡಿನ ನಾಟಕವನ್ನೂ ನೋಡಿ. 2017ರಲ್ಲಿ ಲಂಡನ್ನಿನ ಹೈಕೋರ್ಟು, ನರಮೇಧದ ಆರೋಪ ಹೊತ್ತ ಐವರನ್ನು ರುವಾಂಡಕ್ಕೆ ಕಳಿಸೋಕೆ ಆಗದು, ಅಲ್ಲಿ ನ್ಯಾಯವಾದ ವಿಚಾರಣೆ ಸಿಗೋ ಭರವಸೆ ಇಲ್ಲ ಅಂತ ಹೇಳಿತು. ಇರಲಿ, ಆರೋಪಿಗೂ ನ್ಯಾಯ ಬೇಕು, ಒಪ್ಪೋಣ. ಆದರೆ 2022ರಲ್ಲಿ ಅದೇ ದೇಶದ ಸರ್ಕಾರ, ಸಮುದ್ರ ದಾಟಿ ಬಂದ ಬಡ ನಿರಾಶ್ರಿತರನ್ನು ರುವಾಂಡಕ್ಕೆ ಅಟ್ಟುತ್ತೇವೆ, ಅದು ಸುರಕ್ಷಿತ ದೇಶ ಅಂತ ಒಪ್ಪಂದ ಮಾಡಿಕೊಂಡಿತು! 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅದು ಕಾನೂನುಬಾಹಿರ ಅಂದಿತು, 2024ರಲ್ಲಿ ಹೊಸ ಸರ್ಕಾರ ಬಂದು ಕೈಬಿಟ್ಟಿತು. ಆರೋಪಿಗೆ ಅಸುರಕ್ಷಿತವಾದ ದೇಶ ನಿರಾಶ್ರಿತನಿಗೆ ಸುರಕ್ಷಿತ ಆಗೋದು ಹೇಗೆ? ಉತ್ತರ ಸುಲಭ. ಕಾನೂನಿಗೆ ಕಣ್ಣಿಲ್ಲ ಅಂತಾರೆ, ಚರ್ಮದ ಬಣ್ಣ, ಜೇಬಿನ ತೂಕ ಮಾತ್ರ ಅದಕ್ಕೆ ಕತ್ತಲಲ್ಲೂ ಕಾಣುತ್ತೆ.

ಸಂತಾಪ ಸೂಚಿಸೋ ದೊಡ್ಡವರನ್ನು ನಾನು ನಂಬೋದಿಲ್ಲ. 2000ದಲ್ಲಿ ಬೆಲ್ಜಿಯಂ ಪ್ರಧಾನಿ ಕಿಗಾಲಿಗೆ ಹೋಗಿ ಕ್ಷಮೆ ಕೇಳಿದ. 2021ರಲ್ಲಿ ಫ್ರಾನ್ಸಿನ ಅಧ್ಯಕ್ಷ ಹೋಗಿ ತನ್ನ ದೇಶದ ಹೊಣೆ ಒಪ್ಪಿಕೊಂಡ, ಕ್ಷಮೆ ಅನ್ನೋ ಪದವನ್ನು ಮಾತ್ರ ನೇರವಾಗಿ ಹೇಳಲಿಲ್ಲ. ವರ್ಷಕ್ಕೊಮ್ಮೆ ಮೇಣದ ಬತ್ತಿ, 'ಇನ್ನೆಂದೂ ಇಲ್ಲ' ಅನ್ನೋ ಮಂತ್ರ. ಆಮೇಲೆ ಮಧ್ಯಾಹ್ನದ ಊಟ.

ವಿಶ್ವಸಂಸ್ಥೆ ಅರುಷಾದಲ್ಲಿ ನಡೆಸಿದ ನ್ಯಾಯಮಂಡಳಿ ಒಂದು ದೊಡ್ಡ ಕೆಲಸ ಮಾಡಿತು. 1998ರ ಸೆಪ್ಟೆಂಬರ್ 2ರಂದು ಅಕಯೇಸು ಅನ್ನೋ ಮೇಯರನ ತೀರ್ಪಿನಲ್ಲಿ, ಅತ್ಯಾಚಾರವೂ ನರಮೇಧದ ಆಯುಧ ಅಂತ ಮೊದಲ ಬಾರಿ ಬರೆಯಿತು. ಅದು ಸುಮ್ಮನೆ ಬಂದದ್ದಲ್ಲ. ಕೋರ್ಟಿನಲ್ಲಿ ಎದ್ದು ನಿಂತು ಮಾತಾಡಿದ ರುವಾಂಡದ ಹೆಣ್ಣುಮಕ್ಕಳಿಂದ ಬಂದದ್ದು. ಆದರೆ ಅದೇ ಮಂಡಳಿಗೆ ಬದುಕುಳಿದವರಿಗೆ ಒಂದು ಬಿಡಿಗಾಸು ಪರಿಹಾರ ಕೊಡಿಸೋ ದಾರಿಯೇ ಇರಲಿಲ್ಲ. ಜೈಲಿನಲ್ಲಿದ್ದ ಆರೋಪಿಗಳಿಗೆ ಎಚ್‌ಐವಿ ಔಷಧ ಸಿಗ್ತಿತ್ತು. ಅವರ ಕಡೆಯವರಿಂದ ಸೋಂಕು ತಗುಲಿದ ಹೆಂಗಸರು ಔಷಧ ಇಲ್ಲದೆ ಹಳ್ಳಿಗಳಲ್ಲಿ ಸಾಯ್ತಿದ್ದರು. ನ್ಯಾಯ ಅಂದರೆ ಇದೇನಾ?

* * *

ಹಾಗಾದರೆ ಯಾರು ನಿಂತರು? ಅವರಿಗೆ ಅವರೇ ನಿಂತರು. ಗೆಳೆಯರೇ, ಇಲ್ಲಿ ಕಿವಿಗೊಟ್ಟು ಕೇಳಿ.

1995ರ ಜನವರಿಯಲ್ಲಿ ಐವತ್ತು ವಿಧವೆಯರು ಸೇರಿ 'ಅವೇಗ' ಅನ್ನೋ ಸಂಘ ಕಟ್ಟಿದರು. ಅದೇ ವರ್ಷ ಬದುಕುಳಿದವರ ಸಂಘಗಳೆಲ್ಲ ಸೇರಿ 'ಇಬುಕ' ಅಂತ ಆಯಿತು. ಇಬುಕ ಅಂದರೆ 'ನೆನಪಿಡು'. ಅದರ ಕೊಂಬೆಗಳು ಬೆಲ್ಜಿಯಂ, ಫ್ರಾನ್ಸ್, ಸ್ವಿಟ್ಜರ್ಲೆಂಡಿಗೂ ಚಾಚಿದವು. 1997ರಲ್ಲಿ ಲಂಡನ್ನಿನಲ್ಲಿ ಮೇರಿ ಕಯಿಟೇಸಿ ಬ್ಲೆವಿಟ್, ನರಮೇಧದಲ್ಲಿ ತನ್ನ ಬಂಧುಗಳನ್ನು ಕಳೆದುಕೊಂಡ ಹೆಂಗಸು, ಬದುಕುಳಿದವರ ನಿಧಿ ಶುರು ಮಾಡಿದರು. ಪರದೇಶದಲ್ಲಿ ದುಡ್ಡು ಎತ್ತಿ ಊರಲ್ಲಿ ಔಷಧ, ಮನೆ, ಶಾಲೆ ಫೀಸು ಕೊಟ್ಟರು. 2001ರಲ್ಲಿ ಫ್ರಾನ್ಸಿನಲ್ಲಿ ಡಾಫ್ರೋಸಾ ಮತ್ತು ಅಲೇನ್ ಗೋತಿಯೆ ದಂಪತಿ ಇನ್ನೊಂದು ಗುಂಪು ಕಟ್ಟಿದರು. ಡಾಫ್ರೋಸಾರ ತಾಯಿಯನ್ನು 1994ರಲ್ಲಿ ಕೊಂದಿದ್ದರು. ಗಂಡ ಮೇಷ್ಟ್ರು. ರಜೆ ಸಿಕ್ಕಿದಾಗಲೆಲ್ಲ ರುವಾಂಡಕ್ಕೆ ಹೋಗಿ, ಹಳ್ಳಿ ಹಳ್ಳಿ ಸುತ್ತಿ, ಸಾಕ್ಷಿಗಳ ಮಾತು ಬರೆದುಕೊಂಡು ಬಂದು ಫ್ರಾನ್ಸಿನ ಕೋರ್ಟುಗಳ ಬಾಗಿಲು ಬಡಿದರು. ಫ್ರಾನ್ಸ್ ಮಾಡಬೇಕಾಗಿದ್ದ ಪೊಲೀಸಿನ ಕೆಲಸವನ್ನು ಒಬ್ಬ ಮೇಷ್ಟ್ರು, ಒಬ್ಬ ಅನಾಥ ಮಗಳು ಮಾಡಿದರು. 2014ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲನೆಯ ಶಿಕ್ಷೆ ಆಯಿತು, ಸಿಂಬಿಕಾಂಗ್ವ ಅನ್ನೋ ಸೈನ್ಯಾಧಿಕಾರಿಗೆ 25 ವರ್ಷ. ಬೆಲ್ಜಿಯಂನಲ್ಲಿ 2001ರಲ್ಲೇ ನಾಲ್ವರಿಗೆ ಶಿಕ್ಷೆಯಾಗಿತ್ತು. ಅದರಲ್ಲಿ ಇಬ್ಬರು ಸನ್ಯಾಸಿನಿಯರು!

ಇನ್ನು ಹಾಸ್ಟೆಲ್ಲಿನವರಿಗೆ ಸಂಬಂಧಪಟ್ಟದ್ದು. 1996ರ ಅಕ್ಟೋಬರಿನಲ್ಲಿ ಬುಟಾರೆಯ ವಿಶ್ವವಿದ್ಯಾಲಯದಲ್ಲಿ ಹನ್ನೆರಡು ಜನ ವಿದ್ಯಾರ್ಥಿಗಳು ಸೇರಿದರು. ಎಲ್ಲರೂ ಬದುಕುಳಿದವರು. ರಜೆ ಬಂದರೆ ಬೇರೆಯವರೆಲ್ಲ ಊರಿಗೆ ಹೋಗ್ತಾರೆ, ಇವರಿಗೆ ಹೋಗೋಕೆ ಮನೆ ಇಲ್ಲ. ಜ್ವರ ಬಂದರೆ ಗಂಜಿ ಕಾಯಿಸಿ ಕೊಡೋಕೆ ಯಾರೂ ಇಲ್ಲ. ಅವರು ಎಇಆರ್‌ಜಿ ಅಂತ ಸಂಘ ಕಟ್ಟಿ ಏನು ಮಾಡಿದರು ಗೊತ್ತಾ? ತಮ್ಮತಮ್ಮಲ್ಲೇ ಮನೆತನಗಳನ್ನು ಮಾಡಿಕೊಂಡರು. ಇಪ್ಪತ್ತು ವರ್ಷದ ಹುಡುಗನೊಬ್ಬನನ್ನು 'ಅಪ್ಪ' ಅಂತ, ಇಪ್ಪತ್ತು ವರ್ಷದ ಹುಡುಗಿಯೊಬ್ಬಳನ್ನು 'ಅವ್ವ' ಅಂತ ಆರಿಸಿಕೊಂಡರು. ಉಳಿದವರು ಮಕ್ಕಳು. ಕೆಳಗಿನ ಕ್ಲಾಸಿನ ಹುಡುಗ ಪರೀಕ್ಷೆಯಲ್ಲಿ ಫೇಲಾದರೆ ಅಪ್ಪ ಕೇಳುತ್ತಾನೆ. ಹುಡುಗಿಗೆ ಹುಷಾರಿಲ್ಲದಿದ್ದರೆ ಅವ್ವ ಪಕ್ಕ ಕೂರುತ್ತಾಳೆ. ಮದುವೆಯಾದರೆ ಈ ಮನೆತನದವರೇ ಬೀಗರಾಗಿ ನಿಲ್ಲುತ್ತಾರೆ. ಒಂದು ಕ್ಯಾಂಪಸ್ಸಿನಿಂದ ಇನ್ನೊಂದಕ್ಕೆ, ಶಾಲೆಗಳಿಗೂ ಇದು ಹಬ್ಬಿತು. ಓದು ಮುಗಿಸಿದವರು 2003ರಲ್ಲಿ ಜಿಎಇಆರ್‌ಜಿ ಅಂತ ಇನ್ನೊಂದು ಸಂಘ ಮಾಡಿಕೊಂಡರು.

ಈ ಜಿಎಇಆರ್‌ಜಿ ಹುಡುಗರು ಹಳ್ಳಿ ಹಳ್ಳಿಗೆ ಹೋಗಿ ಒಂದು ಪಟ್ಟಿ ಮಾಡಿದರು. ಒಬ್ಬರೂ ಉಳಿಯದೆ ಪೂರ್ತಿ ಅಳಿಸಿಹೋದ ಮನೆಗಳ ಪಟ್ಟಿ. ಅಪ್ಪ, ಅವ್ವ, ಮಕ್ಕಳು, ಎಲ್ಲರೂ ಹೋದ ಮನೆ. ನೆನೆಯೋಕೂ ಯಾರೂ ಇಲ್ಲದ ಮನೆ. 15,593 ಮನೆತನಗಳು, 68,871 ಜನ. ಹತ್ತಿರದವರು ಯಾರೂ ಉಳಿದಿಲ್ಲ ಅಂದಮೇಲೆ ನಾವೇ ಹತ್ತಿರದವರು ಅಂತ ನಿಂತು, ವರ್ಷಕ್ಕೊಂದು ರಾತ್ರಿ ಅವರಿಗಾಗಿ ಜಾಗರಣೆ ಮಾಡಿದರು. ಕವಿತೆ ಬರೀತೀನಿ ಅಂತ ತಿರುಗೋ ನಾನು ಇದರ ಮುಂದೆ ಪೆನ್ನು ಮುಚ್ಚಿ ಕೂತೆ.

ಬ್ರಸೆಲ್ಸ್, ಪ್ಯಾರಿಸ್, ಲಂಡನ್ನಿನಲ್ಲೂ ಏಪ್ರಿಲ್ 7ರಂದು ಇವರು ಸೇರುತ್ತಾರೆ. ನಡೆಯುತ್ತಾರೆ, ಹೆಸರು ಓದುತ್ತಾರೆ, ಯಾರೋ ಒಬ್ಬರು ತಮ್ಮ ಕತೆ ಹೇಳುತ್ತಾರೆ. ನಡುವೆ ಯಾರಿಗಾದರೂ ಉಸಿರು ಕಟ್ಟಿ ಕಿರುಚಿದರೆ ಇಬ್ಬರು ಹೋಗಿ ಹೆಗಲು ಕೊಟ್ಟು ಹೊರಗೆ ಕರಕೊಂಡು ಹೋಗುತ್ತಾರೆ. ನೆನಪು ಅಂದರೆ ಅಳೋದಲ್ಲ, ಹೆಗಲು ಕೊಡೋದು. ಇದು ನನಗೆ ಅರ್ಥವಾದದ್ದು ಅಲ್ಲಿಂದ.

* * *

ಇಷ್ಟು ಹೇಳಿ ನಿಲ್ಲಿಸಿದರೆ ನಾನು ಭಟ್ಟಂಗಿ ಆಗ್ತೀನಿ. ಎರಡು ಮಾತು ಬಾಕಿ ಇದೆ.

ಒಂದು: ನೆನಪಿಗೂ ಒಂದು ಹೊಲಗೇರಿ ಇದೆ. ಟ್ವಾಗಳು ಅಂದೆನಲ್ಲ, ದೇಶದ ನೂರರಲ್ಲಿ ಒಬ್ಬರು. ಕಾಡು ಕಳಕೊಂಡು ಮಡಕೆ ಮಾಡಿ ಬದುಕಿದ ಜನ. ಹುಟು ಇರಲಿ, ಟುಟ್ಸಿ ಇರಲಿ, ಇವರ ಜೊತೆ ಕೂತು ಉಣ್ಣುತ್ತಿರಲಿಲ್ಲ, ಇವರು ಕುಡಿದ ಪಾತ್ರೆಯಲ್ಲಿ ಕುಡಿಯುತ್ತಿರಲಿಲ್ಲ. ಕೇಳಿದ ಹಾಗೆ ಇದೆಯಲ್ಲವಾ? 1994ರಲ್ಲಿ ಅವರೂ ಸತ್ತರು, ಮೂವರಲ್ಲಿ ಒಬ್ಬರು ಸತ್ತಿರಬಹುದು ಅಂತ ಒಂದು ಅಂದಾಜು. ಅವರ ಹೆಸರು ಯಾವ ಮೆರವಣಿಗೆಯಲ್ಲಿ ಓದುತ್ತಾರೆ? ಇವತ್ತು ಕುಲದ ಹೆಸರು ಹೇಳಬಾರದು ಅನ್ನೋ ಕಾನೂನಿನಲ್ಲಿ ಅವರು 'ಚರಿತ್ರೆಯಲ್ಲಿ ಹಿಂದುಳಿದ ಜನ' ಅಂತ ಆಗಿದ್ದಾರೆ. ಹೆಸರು ಅಳಿಸಿದರೆ ತಟ್ಟೆ ಒಂದಾಗುತ್ತಾ? ಹರಿಜನ ಅಂತ ಕರೆಸಿಕೊಂಡವರನ್ನು ಕೇಳಿ. ದಲಿತರಾದ ನಾವು ರುವಾಂಡಕ್ಕೆ ನೆಂಟರು ಅಂತ ಹೋದರೆ ಮೊದಲು ಕೂರಬೇಕಾದ್ದು ಟ್ವಾಗಳ ಗುಡಿಸಲ ಮುಂದೆ.

ಎರಡು: ನೆನಪನ್ನು ಸರ್ಕಾರದ ಕೈಗೆ ಕೊಟ್ಟರೆ ಅದು ಲಾಠಿ ಆಗುತ್ತೆ. ಕಿಜಿಟೊ ಮಿಹಿಗೊ ಅಂತ ಒಬ್ಬ ಹಾಡುಗಾರ. ತಾನೇ ಬದುಕುಳಿದ ಟುಟ್ಸಿ, ಅಪ್ಪನನ್ನು ನರಮೇಧದಲ್ಲಿ ಕಳಕೊಂಡವನು. 2014ರಲ್ಲಿ ಬೇರೆ ಸಾವಿಗೀಡಾದವರ ಬಗ್ಗೆಯೂ ಮರುಕ ಇರಲಿ ಅನ್ನೋ ಹಾಡು ಕಟ್ಟಿದ. ಅದೇ ಏಪ್ರಿಲ್ಲಿನಲ್ಲಿ ಹಿಡಿದು ಹಾಕಿದರು, ಸರ್ಕಾರದ ವಿರುದ್ಧ ಸಂಚು ಅಂತ ಹತ್ತು ವರ್ಷ ಕೊಟ್ಟರು. 2018ರಲ್ಲಿ ಬಿಟ್ಟು, 2020ರ ಫೆಬ್ರವರಿಯಲ್ಲಿ ಮತ್ತೆ ಹಿಡಿದರು. ಪೊಲೀಸ್ ಕೋಣೆಯಲ್ಲಿ ಸತ್ತ. ಆತ್ಮಹತ್ಯೆ ಅಂದರು ಪೊಲೀಸರು. ನಮ್ಮ ಲಾಕಪ್ಪುಗಳ ಕತೆ ಗೊತ್ತಿರೋ ನಾವು ಆ ಮಾತನ್ನು ಹಾಗೇ ನುಂಗಬೇಕಾಗಿಲ್ಲ.

ಎಚ್ಚರ, ಇದನ್ನೇ ಹಿಡಿದು ನರಮೇಧವೇ ನಡೆದಿಲ್ಲ, ಎರಡೂ ಕಡೆ ಸತ್ತರು, ಲೆಕ್ಕ ಸಮ ಅಂತ ಹೇಳೋ ಬಡ್ಡೀಮಕ್ಕಳೂ ಯುರೋಪಿನಲ್ಲಿದ್ದಾರೆ. ಫ್ರಾನ್ಸಿನಲ್ಲಿ ಹಾಗೆ ಬರೆದ ಒಬ್ಬ ಲೇಖಕನಿಗೆ 2024ರ ಡಿಸೆಂಬರಿನಲ್ಲಿ ಕೋರ್ಟು ದಂಡ ಹಾಕಿತು. ಇನ್ನೊಬ್ಬರ ಸಾವಿಗೂ ಅಳೋದು ಮನುಷ್ಯತ್ವ. ಇನ್ನೊಬ್ಬರ ಸಾವನ್ನು ಅಡ್ಡ ಇಟ್ಟು ಈ ಸಾವನ್ನು ಮರೆಮಾಡೋದು ಎರಡನೇ ಕೊಲೆ. ಇವೆರಡರ ವ್ಯತ್ಯಾಸ ತಿಳಿಯದವನು ಬರೆಯಬಾರದು, ಭಾಷಣ ಮಾಡಬಾರದು.

* * *

ಈಗ ತಟ್ಟೆ ಬಡಿದ ಗೆಳೆಯನಿಗೆ ಉತ್ತರ.

ತಮ್ಮಾ, ನಮ್ಮ ಹೆಣ ಎಣಿಸೋಕೆ ಯಾರೂ ಇಲ್ಲ ಅಂದೆಯಲ್ಲ, ನೀನೇ ಎಣಿಸಿದ್ದೀಯಾ? ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಜನ ದಲಿತರನ್ನು ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆ, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಆ ಏಳು ಜನರ ಹೆಸರನ್ನು ನಮ್ಮ ಹಾಸ್ಟೆಲ್ಲಿನಲ್ಲಿ ಎಷ್ಟು ಜನ ಹೇಳಬಲ್ಲರು? ಉಳಿದ ಸಾಕ್ಷಿಗಳ ಪಕ್ಕ ಯಾರು ಕೂತಿದ್ದರು? ಸರ್ಕಾರ ಎಣಿಸಲಿಲ್ಲ ಅನ್ನೋದು ಹಳೇ ಮಾತು. ಬುಟಾರೆಯ ಹನ್ನೆರಡು ಹುಡುಗರು ಸರ್ಕಾರಕ್ಕೆ ಕಾಯಲಿಲ್ಲ. ಅವರನ್ನು ನೆನೆಯೋದು ಅಂದರೆ ಅವರ ಕೆಲಸ ಕಲಿಯೋದು.

ಇನ್ನೊಂದು ನಾಚಿಕೆಯ ಮಾತು. ಬೆಂಗಳೂರಿಗೆ, ಮೈಸೂರಿಗೆ ಆಫ್ರಿಕದ ಮಕ್ಕಳು ಓದೋಕೆ ಬರ್ತಾರೆ. ರುವಾಂಡದವರೂ ಇದ್ದಾರೆ. 2016ರ ಜನವರಿಯಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಯಾರೋ ಬೇರೆ ದೇಶದವನ ಕಾರು ಹೆಂಗಸೊಬ್ಬಳಿಗೆ ಬಡಿದು ಆಕೆ ಸತ್ತಳು ಅಂತ, ಅದಕ್ಕೆ ಸಂಬಂಧವೇ ಇಲ್ಲದ ತಾಂಜಾನಿಯದ ವಿದ್ಯಾರ್ಥಿನಿಯ ಮೇಲೆ ಗುಂಪು ಬಿತ್ತು, ಕಾರಿಗೆ ಬೆಂಕಿ ಹಚ್ಚಿತು. ಬಣ್ಣ ಒಂದೇ, ಅಷ್ಟೇ ಸಾಕ್ಷಿ. ಬಸ್ಸಿನಲ್ಲಿ ಅವರ ಪಕ್ಕದ ಸೀಟು ಖಾಲಿ ಬಿಡೋರಲ್ಲಿ, ಮನೆ ಬಾಡಿಗೆಗೆ ಇಲ್ಲ ಅನ್ನೋರಲ್ಲಿ, ಹಿಂದಿನಿಂದ ಹೆಸರಿಟ್ಟು ಕೂಗೋರಲ್ಲಿ ನಮ್ಮವರು ಒಬ್ಬರೂ ಇಲ್ಲವಾ? ಪಕ್ಕದ ಸೀಟು ಖಾಲಿ ಬಿಡೋದು ಏನಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು!

ರುವಾಂಡದ ಶೋಕದ ವಾರ ಏಪ್ರಿಲ್ 7ಕ್ಕೆ ಶುರುವಾಗಿ 13ಕ್ಕೆ ಮುಗಿಯುತ್ತೆ. ಮಾರನೆ ದಿನ ನಮ್ಮ 14. ನಾನು ಕೇಳೋದು ಇಷ್ಟು. ಈ ಸಲ ಜಯಂತಿಯ ಚಂದಾ ಎತ್ತೋಕೆ ಮೊದಲು, 7ರ ರಾತ್ರಿ ಪ್ರತಿ ಹಾಸ್ಟೆಲ್ಲಿನ ಊಟದ ಕೋಣೆಯಲ್ಲಿ ಅರ್ಧ ಗಂಟೆ ಕೂರೋಣ. ನಮ್ಮ ಊರಲ್ಲಿ ಆಫ್ರಿಕದ ವಿದ್ಯಾರ್ಥಿಗಳಿದ್ದರೆ ಊಟಕ್ಕೆ ಕರೆಯೋಣ. ಅವರು ಮಾತಾಡಿದರೆ ಕೇಳೋಣ, ಸುಮ್ಮನಿದ್ದರೆ ಸುಮ್ಮನೆ ಉಣ್ಣೋಣ. ಕತೆ ಹೇಳು ಅಂತ ಪೀಡಿಸೋದು ಬೇಡ. ಒಂದು ನೋಟ್ ಬುಕ್ಕು ತೆಗೆದು, ನಮ್ಮ ನಮ್ಮ ತಾಲ್ಲೂಕಿನಲ್ಲಿ ಜಾತಿಗೆ ಬಲಿಯಾದವರ ಹೆಸರು, ಊರು, ತಾರೀಖು ಬರೆಯೋಕೆ ಶುರು ಮಾಡೋಣ. ಉಳಿದ ಮನೆಯವರು ಯಾರು, ಅವರ ಕೇಸು ಎಲ್ಲಿ ನಿಂತಿದೆ, ಅವರ ಮಕ್ಕಳು ಯಾವ ಹಾಸ್ಟೆಲ್ಲಿನಲ್ಲಿ ಓದುತ್ತಿದ್ದಾರೆ, ಅದನ್ನೂ ಬರೆಯೋಣ. ಆ ಮಗು ನಮ್ಮ ಹಾಸ್ಟೆಲ್ಲಿನಲ್ಲೇ ಇದ್ದರೆ, ಅದಕ್ಕೊಬ್ಬ ಅಣ್ಣ, ಒಬ್ಬಳು ಅಕ್ಕ ಯಾರು ಅಂತ ಅವತ್ತು ರಾತ್ರಿಯೇ ತೀರ್ಮಾನ ಆಗಲಿ.

ಮೇಣದ ಬತ್ತಿ ಬೇಕಾಗಿಲ್ಲ. ಪುಸ್ತಕ, ಪೆನ್ನು, ಇನ್ನೊಂದು ತಟ್ಟೆ ಸಾಕು.

ಏಪ್ರಿಲ್ 7 ಯಾರದ್ದು ಅಂತ ಮುಂದಿನ ವರ್ಷ ಅದೇ ಸಾಲಿನಲ್ಲಿ ನಿಂತು ಮತ್ತೆ ಕೇಳುತ್ತೇನೆ. ನಮ್ಮದು ಅಂತ ಒಬ್ಬನಾದರೂ ಅನ್ನಲಿ.

ಜೈ ಭೀಮ್.